ಬೇಸರ ಕಳೆಯುವ ಹೋಟೆಲು

ಹೋಟೆಲು ಆರಿಸುವುದರಲ್ಲಿ ಪಂಕಜಳನ್ನು ಮೀರಿಸುವವರು ಇಡೀ ಮಂಡ್ಯದಲ್ಲಿ ಇರಲಿಲ್ಲ. ಒಂದು ಹೋಟೆಲಿಗೂ ಹೋದವಳಲ್ಲ, ಆ ಮಾತು ಬೇರೆ. ಭಾನುವಾರ ಸಂಜೆ ಕನ್ನಡಕ ಏರಿಸಿಕೊಂಡು ಫೋನು ಹಿಡಿದು ಕೂತಳೆಂದರೆ ಮುಗಿಯಿತು. ಮೈಸೂರು, ಬೆಂಗಳೂರು, ಉದಯಪುರ, ಎಲ್ಲಿ ಸ್ಪಾ ಇರುವ ದೊಡ್ಡ ಹೋಟೆಲು ಇದೆಯೋ ಅಲ್ಲೆಲ್ಲ ಅವಳ ಸವಾರಿ. “ಸುನಿ, ಈ ಬಾತ್ ಟಬ್ ನೋಡೇ, ಕಿಟಕಿ ಪಕ್ಕದಲ್ಲೇ ಇಟ್ಟಿದ್ದಾರೆ” ಅನ್ನುವಳು. “ಕಿಟಕಿ ಪಕ್ಕ ಇಟ್ಟರೆ ಸ್ನಾನ ಮಾಡೋದು ಹೇಗೆ, ಊರಿಗೆಲ್ಲ ತೋರಿಸಿಕೊಂಡಾ?” ಅನ್ನುವೆ ನಾನು. ಆರಿಸುವುದು ಅವಳ ಕೆಲಸ, ಹುಳುಕು ಹುಡುಕುವುದು ನನ್ನ ಕೆಲಸ. ಲೆಕ್ಕದ ಟೀಚರಿಗೆ ಇನ್ನೇನು ಬರುತ್ತದೆ ಹೇಳಿ.

ಮೈಸೂರಿನ ಒಂದು ಹೋಟೆಲಿನ ಮೇಲೆ ಅವಳಿಗೆ ವಿಪರೀತ ಮೋಹ. ಬಿಳಿ ಕಂಬಗಳು, ನಡುವೆ ತಾವರೆ ಕೊಳ, ಹೆಜ್ಜೆ ಮುಳುಗುವಂಥ ಜಮಖಾನ. ಎಷ್ಟು ಊರು ಸುತ್ತಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುವಳು. “ನಾನು ರಿಟೈರ್ ಆದ ಮಾರನೆಯ ದಿನ ಇಲ್ಲಿಗೇ ಹೋಗೋದು. ನೀನು ತಕರಾರು ತೆಗೀಬಾರದು” ಎಂದು ಮಾತು ತೆಗೆದುಕೊಂಡಿದ್ದಳು. ರಿಟೈರ್ ಆಗಲು ಇನ್ನೂ ಕೆಲವು ತಿಂಗಳು ಇರುವಾಗಲೇ ಲೋಕ ಬಿಟ್ಟೇ ಹೋಗಿಬಿಟ್ಟಳು.

ನಾವಿಬ್ಬರೂ ಒಂದೇ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದವರು. ಭಾರತೀನಗರದ ಹೈಸ್ಕೂಲಿನಲ್ಲಿ ನಾನು ಲೆಕ್ಕ ಕಲಿಸುತ್ತಿದ್ದೆ, ಅವಳು ಕನ್ನಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಡ್ಯದಲ್ಲಿ ನನಗೆ ಬಾಡಿಗೆಗೆ ಮನೆ ಸಿಗಲಿಲ್ಲ. ಊರು ಪೂರಿಗಾಲಿ ಅಂದರೆ ಯಾವ ಬೀದಿ ಅನ್ನುವರು. ಬೀದಿ ಹೇಳಿದರೆ, ಅಯ್ಯೋ ನಿನ್ನೆ ತಾನೇ ಯಾರಿಗೋ ಮಾತು ಕೊಟ್ಟೆವಲ್ಲ ಅನ್ನುವರು. ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಹೇಳಿಕೊಂಡು ಬೈಯುತ್ತಿದ್ದಾಗ ಪಂಕಜ, “ನನ್ನ ಮನೇಲಿ ಒಂದು ರೂಮು ಖಾಲಿ ಇದೆ ಕಣೇ, ಬಾ” ಅಂದಳು. ಬ್ರಾಹ್ಮಣರ ಹೆಣ್ಣುಮಗಳು, ಗಂಡನನ್ನು ಬಿಟ್ಟು ಬಂದು ಒಬ್ಬಳೇ ಇದ್ದವಳು. “ನಾನು ಮಾಂಸ ತಿನ್ನೋಳು” ಅಂದೆ, ಮುಖಕ್ಕೆ ಹೊಡೆದ ಹಾಗೆ. “ಮಾಡ್ಕೋ. ಕಿಟಕಿ ತೆಗೆದಿಡು” ಅಂದಳು. ನಮ್ಮಿಬ್ಬರ ನಡುವೆ ಆದ ಒಪ್ಪಂದ ಅದೊಂದೇ. ಅದನ್ನು ಇಬ್ಬರೂ ಮುರಿಯಲಿಲ್ಲ.

ದಸರಾ ರಜೆ ಮುಗಿದ ವಾರ, ಬೆಳಗ್ಗೆ ಬಚ್ಚಲಿನಿಂದ ಬಂದವಳು “ಎದೆ ಯಾಕೋ ಹಿಡಿದ ಹಾಗಿದೆ ಸುನಿ” ಅಂದಳು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಬಿಳಿ ಕೋಟಿನ ಹುಡುಗನೊಬ್ಬ, “ಇವರು ನಿಮಗೆ ಏನಾಗಬೇಕು?” ಅಂದ. ಬಾಯಿಬಡುಕಿ ಎಂದು ಹೆಸರಾದ ನನಗೆ ಹೊಳೆದದ್ದು ಇಷ್ಟೇ. “ಒಂದೇ ಮನೇಲಿರೋದು” ಅಂದೆ. “ಹಾಗಾದರೆ ಸಂಬಂಧಿಕರನ್ನ ಕರೆಸಿ” ಅಂದ.

ಸಂಬಂಧಿಕರು ಬಂದರು. ಪಂಕಜಳ ಅಣ್ಣ ವೆಂಕಟೇಶಮೂರ್ತಿ ಮದ್ದೂರಿನಲ್ಲಿದ್ದಾರೆ, ತಹಸೀಲ್ದಾರರಾಗಿ ರಿಟೈರ್ ಆದವರು. ಕೆಟ್ಟವರು ಎಂದು ನಾನು ಹೇಳಲಾರೆ. ಅವಳನ್ನು ಮದ್ದೂರಿಗೆ ಕರೆದುಕೊಂಡು ಹೋದರು, ಮಾಡುವುದನ್ನೆಲ್ಲ ಶಾಸ್ತ್ರವಾಗಿ ಮಾಡಿದರು, ಹದಿಮೂರನೆಯ ದಿನದ ಊಟಕ್ಕೆ ನನ್ನನ್ನೂ ಕರೆದರು. ಬಂದವರೆಲ್ಲ ಅವರ ಮಗಳು ದೀಪಶ್ರೀಯನ್ನು ತಬ್ಬಿಕೊಂಡು ಅತ್ತರು. ಆ ಹುಡುಗಿ ಅತ್ತೆಯ ಮನೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ. ನನ್ನನ್ನು ತೋರಿಸಿ “ಇವರು ಅತ್ತೆಯ ಕೊಲೀಗ್” ಅಂದಳು. ಎಲ್ಲರೂ ನನಗೆ ಕೈ ಮುಗಿದು “ಊಟ ಆಯ್ತಾ ಮೇಡಂ” ಅಂದರು. ಆಯ್ತು ಅಂದೆ. ಪಾಯಸ ಬಡಿಸಿದಾಗ ಎಲೆ ಮುಂದೆ ಕೈ ಅಡ್ಡ ಹಿಡಿಯಲಿಲ್ಲ. ಅವಳ ಊಟ, ಬಿಡುವುದು ಹೇಗೆ.

ಶಾಲೆಯಲ್ಲೂ ಅದೇ. ಹೆಡ್ ಮಾಸ್ಟರ್ ಶಿವರಾಜು ರಜೆ ಕೊಡುವಾಗ ಪೆನ್ನು ಹಿಡಿದು ತಲೆ ಕೆರೆದುಕೊಂಡು, “ಪಂಕಜಮ್ಮೋರು ನಿಮ್ಗೆ ಏನಾಗ್ಬೇಕು ಅಂತ ಬರೀಲಿ ಮೇಡಂ?” ಅಂದರು. “ಏನೂ ಆಗಬೇಕಾಗಿಲ್ಲ, ನನಗೆ ಜ್ವರ ಅನ್ನಿ” ಅಂದೆ.

ಮನೆಗೆ ಬಂದರೆ ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಹಾಲಿನವನು ನೀರು ಬೆರೆಸಿದ್ದ, ಎದುರು ಮನೆಯವರು ನಮ್ಮ ಗೇಟಿಗೆ ಅಡ್ಡ ಸ್ಕೂಟರು ನಿಲ್ಲಿಸಿದ್ದರು, ಟೀವಿಯಲ್ಲಿ ಒಬ್ಬ ಲೆಕ್ಕ ತಪ್ಪು ಹೇಳಿದ. ಎಲ್ಲವನ್ನೂ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು. ಬೈಯುವವಳಿಗೆ ಕೇಳುವವರು ಒಬ್ಬರು ಬೇಕು ಎಂಬುದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾವಾದ ಮನೆಯವರು ತಿಥಿ ಮುಗಿದ ಮೇಲೆ ಒಂದು ರಾತ್ರಿ ಬೇರೆಯವರ ಮನೆಯಲ್ಲಿ ಕಳೆಯಬೇಕು. ನೆಂಟರು ಬಂದು ಕರೆದುಕೊಂಡು ಹೋಗುತ್ತಾರೆ. ಬೆಳಗ್ಗೆ ತಲೆಗೆ ಎಣ್ಣೆ ಒತ್ತಿ, ಬಿಸಿನೀರು ಹುಯ್ದು, ಆಮೇಲೆ ಕುಂಕುಮ ಇಟ್ಟು, ಮಾಂಸದಡುಗೆ ಬಡಿಸುತ್ತಾರೆ. ಬೇಸರ ಕಳೆಯುವುದು ಅನ್ನುತ್ತಾರೆ ಅದಕ್ಕೆ. ಕರೆಯದೆ ಹೋಗುವಂತಿಲ್ಲ. ಎಣ್ಣೆ ತಾನೇ ಹಚ್ಚಿಕೊಳ್ಳುವಂತಿಲ್ಲ, ನೀರು ತಾನೇ ಹುಯ್ದುಕೊಳ್ಳುವಂತಿಲ್ಲ. ನಮ್ಮವ್ವ ಪಟ್ಟಲಮ್ಮ ತೀರಿಕೊಂಡಾಗ ಬಂಡೂರಿನಿಂದ ಚಿಕ್ಕಮ್ಮ ಹೊಂಬಾಳಮ್ಮ ಬಂದು ನನ್ನನ್ನೂ ಅಣ್ಣ ಮಹದೇವುವನ್ನೂ ಕರೆದುಕೊಂಡು ಹೋದಳು. ಕೊನೆಯ ಚೊಂಬು ನೀರು ಹುಯ್ಯುವಾಗ “ಸಾಕು, ಏಳವ್ವ” ಅಂದಳು. ಅಳುವುದನ್ನು ಅಲ್ಲಿಗೆ ನಿಲ್ಲಿಸು ಎಂದು ಅರ್ಥ. ಕಳಿಸುವಾಗ ಮಾತ್ರ “ಹೋಗಿ ಬಾ” ಅನ್ನಲಿಲ್ಲ. ಅನ್ನಬಾರದು. ಅಂದರೆ ಇನ್ನೊಂದು ಸಾವು ಹೊತ್ತುಕೊಂಡು ಬಾ ಅಂದ ಹಾಗೆ. ಸುಮ್ಮನೆ ಬೆನ್ನು ತಿರುಗಿಸಿ ಒಳಗೆ ಹೋದಳು. ಈಗ ಆ ಚಿಕ್ಕಮ್ಮನೂ ಇಲ್ಲ.

ಅವತ್ತು ಮಂಡ್ಯಕ್ಕೆ ಬಂದು ಇದನ್ನೆಲ್ಲ ಹೇಳಿದಾಗ ಪಂಕಜ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. “ಎಷ್ಟು ಚೆನ್ನಾಗಿದೆಯಲ್ಲೇ. ನಮ್ಮಲ್ಲಿ ಅಷ್ಟು ದಿನ ಮಂತ್ರ ಹೇಳ್ತಾರೆ, ಬದುಕಿರೋರ ತಲೆ ಮುಟ್ಟೋರು ಯಾರೂ ಇಲ್ಲ” ಅಂದಳು.

ಮದ್ದೂರಿನ ಊಟ ಮುಗಿದ ಮೇಲೆ ನಾನು ಪೂರಿಗಾಲಿಯಿಂದ ಅಣ್ಣ ಬರುತ್ತಾನೆ ಎಂದು ಕಾದೆ. ಬಟ್ಟೆ ಕೂಡ ಮಡಿಸಿಟ್ಟುಕೊಂಡಿದ್ದೆ. ಬರಲಿಲ್ಲ. ತಡೆಯಲಾರದೆ ನಾನೇ ಫೋನು ಮಾಡಿದೆ.

“ಅಣ್ಣ, ತಿಥಿ ಆಯ್ತು.”

“ಯಾರ್ದವ್ವ?”

“ಯಾರ್ದು ಅಂದ್ರೆ? ಪಂಕಜಂದು.”

“ಓ. ಪಾಪ, ಒಳ್ಳೆ ಎಂಗ್ಸು. ನಮ್ಮನೆಗ್ ಬಂದಾಗ ಒಲೆ ಮುಂದೇನೆ ಕುಂತ್ಕಂಡು ರೊಟ್ಟಿ ತಿಂದಿದ್ಲು” ಅಂದ.

ನಾನು ಕಾದೆ. ಅವನು ಕಬ್ಬು ಕಟಾವಿನ ಮಾತು ತೆಗೆದ. ಕೊನೆಗೆ ನಾಚಿಕೆ ಬಿಟ್ಟು, “ನನ್ನ ಕರ್ಯಾಕಿಲ್ವ?” ಅಂದೆ.

“ಎಲ್ಲಿಗೆ?”

“ಬ್ಯಾಸ್ರ ಕಳ್ಯಾಕೆ.”

ಅವನು ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದ. “ಎಂತಾ ಮಾತಾಡ್ತೀಯವ್ವ. ಸಾವಾಗಿರೋ ಮನೆಯೋರ್ನ ಕರೀತಾರೆ. ನಿನ್ ಮನೇಲಿ ಸಾವೇ ಆಗಿಲ್ವಲ್ಲ. ಅವ್ರ ಜನ ಬ್ಯಾರೆ, ನಮ್ ಜನ ಬ್ಯಾರೆ. ಅವ್ರು ನಮ್ಗೆ ಏನಾಗ್ಬೇಕು? ಊರೋರ್ ಕೇಳುದ್ರೆ ಯಾರ್ ಸತ್ರು ಅಂತ ಯೋಳ್ಲಿ? ಬೇಜಾರಾಗಿದ್ರೆ ಸುಮ್ನೆ ಬಂದ್ ನಾಕ್ ದಿನ ಇರು, ನಿಮ್ಮತ್ಗೆ ಬ್ಯಾಡ ಅಂತಾಳಾ?”

ನಿನ್ನ ಮನೆಯಲ್ಲಿ ಸಾವೇ ಆಗಿಲ್ಲ. ಮೈಯೆಲ್ಲ ಉರಿದುಹೋಯಿತು. “ಸುಮ್ನೆ ಬರಾಕೆ ನಂಗೇನ್ ಬ್ಯಾರೆ ಕೆಲ್ಸ ಇಲ್ವ? ಬುಡು. ನಂಗೂ ಓಗಾಕೆ ಜಾಗ ಅದೆ” ಅಂದು ಫೋನು ಇಟ್ಟೆ. ಇಟ್ಟ ಮೇಲೆ ಜಾಗ ಎಲ್ಲಿದೆ ಎಂದು ಯೋಚಿಸಿದೆ. ಎಲ್ಲಿಯೂ ಇರಲಿಲ್ಲ.

ಹೋಟೆಲು ಹೊಳೆದದ್ದು ಭಾನುವಾರ ಸಂಜೆ. ಅವಳು ಫೋನು ಹಿಡಿದು ಕೂರುತ್ತಿದ್ದ ಹೊತ್ತಿಗೆ ನಾನು ಅದೇ ಕುರ್ಚಿಯಲ್ಲಿ ಕೂತು, ಅವಳು ಕಲಿಸಿದ ಹಾಗೆ ಹುಡುಕುತ್ತಾ ಹೋದೆ. ಬೇರೆ ಊರು, ಬೇರೆ ಸೂರು, ಎಣ್ಣೆ, ಬಿಸಿನೀರು, ಮಾಂಸದೂಟ. ದೊಡ್ಡ ಹೋಟೆಲಿನಲ್ಲಿ ಇವೆಲ್ಲ ಇರುತ್ತವೆ. ಇರದಿದ್ದದ್ದು ಒಂದೇ, ಕರೆಯುವವರು. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಎಲ್ಲರಿಗೂ ಫೋನು ಮಾಡಿ ವಿಚಾರಿಸುವುದು, ರೂಮು ಬೇಕು ಎಂದು ಹೇಳದೆ ಇಟ್ಟುಬಿಡುವುದು. ಯಾರು ತಾವಾಗಿ ತಿರುಗಿ ಫೋನು ಮಾಡಿ “ಬನ್ನಿ” ಅನ್ನುತ್ತಾರೋ ಅವರಲ್ಲಿಗೆ ಹೋಗುವುದು. ಹುಚ್ಚು ಅನ್ನಿ, ಪರವಾಗಿಲ್ಲ.

ಮೊದಲು ಪಂಕಜಳ ಬಿಳಿ ಕಂಬದ ಹೋಟೆಲು. ಪಿಟೀಲು ಕೇಳಿಸಿದರು, ಇಂಗ್ಲಿಷಿನಲ್ಲಿ ಕಾಯಿಸಿದರು, ಆಮೇಲೆ ಒಬ್ಬಳು ಹುಡುಗಿ ನಂಬರು ತೆಗೆದುಕೊಂಡು ತಿರುಗಿ ಮಾಡುತ್ತೇವೆ ಅಂದಳು. ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು, ಮಾಡಲಿಲ್ಲ. “ನೋಡಿದೆಯಾ ನಿನ್ನ ಹೋಟೆಲಿನವರ ದೌಲತ್ತು” ಎಂದು ಖಾಲಿ ಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಇನ್ನೊಂದರಲ್ಲಿ ಸ್ಪಾ ಇರುವುದು ಜೋಡಿಗಳಿಗೆ ಮಾತ್ರವಂತೆ. “ಒಬ್ಬರೇ ಬಂದರೆ?” ಅಂದೆ. “ಅದು ರೊಮ್ಯಾಂಟಿಕ್ ಪ್ಯಾಕೇಜ್ ಮೇಡಂ” ಅಂದ, ತಾನೇ ನಾಚಿಕೊಂಡು. ಮತ್ತೊಂದರಲ್ಲಿ ಬೆನ್ನ ಮೇಲೆ ಬಿಸಿ ಕಲ್ಲು ಪೇರಿಸುತ್ತಾರಂತೆ. ಎಂಟನೇ ಕ್ಲಾಸಿಗೆ ಲೆಕ್ಕ ಹೇಳಿಕೊಟ್ಟವಳ ಬೆನ್ನ ಮೇಲೆ ಇನ್ನೂ ಕಲ್ಲು ಯಾಕೆ.

ಕೊನೆಯದು ಮೈಸೂರು ನಗರದ ನಡುವೆ ಇದ್ದ ಒಂದು ಹೋಟೆಲು. ಚಿತ್ರದಲ್ಲಿ ಸದ್ದುಗದ್ದಲವಿಲ್ಲದೆ ಅಚ್ಚುಕಟ್ಟಾಗಿತ್ತು. ರವಿಚಂದ್ರ ಎಂಬ ಹುಡುಗ ಫೋನು ತೆಗೆದ. “ತಲೆಗೆ ಎಣ್ಣೆ ಒತ್ತುತ್ತಾರಾ?” ಅಂದೆ. ಹೌದು ಅಂದ. “ಸ್ನಾನಕ್ಕೆ ನೀರು ಹುಯ್ಯುತ್ತಾರಾ?” ಅಂದೆ. ಅವನು ತಡವರಿಸಿ, “ಹಾಗೆ ಯಾರೂ ಕೇಳಿಲ್ಲ ಮೇಡಂ. ವಿಚಾರಿಸಿ ಹೇಳ್ತೀನಿ” ಅಂದ. ಇವನೂ ಹೇಳಿದ ಹಾಗೇ ಅಂದುಕೊಂಡೆ.

ಬುಧವಾರ ಶಾಲೆ ಬಿಟ್ಟು ಬರುತ್ತಿದ್ದೆ. ಭಾರತೀನಗರದ ಸಕ್ಕರೆ ಕಾರ್ಖಾನೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಬಸ್ಸು ಮುಂದೆ ಹೋಗದಾಗಿತ್ತು. ಆಗ ಫೋನು ಬಂತು.

“ಸುನಿತಾ ಮೇಡಂ ಅಲ್ವಾ? ವಿಚಾರಿಸಿದೆ ಮೇಡಂ, ನೀರು ಹುಯ್ತಾರೆ. ಶನಿವಾರಕ್ಕೆ ನಿಮಗೇಂತ ರೂಮು ಇಟ್ಟಿದ್ದೀನಿ. ಬನ್ನಿ.”

“ಏನಂದೆ? ಬಸ್ಸಿನ ಸದ್ದು, ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು.”

“ಬನ್ನಿ ಮೇಡಂ.”

ಬಸ್ಸು ನಿಂತಿತ್ತು, ಯಾವ ಸದ್ದೂ ಇರಲಿಲ್ಲ. ಅವನು ರೂಮು ಮಾರುವವನು, ಅಷ್ಟು ತಿಳಿಯದವಳೇ ನಾನು? ಆದರೂ ಅವಳು ಹೋದ ಮೇಲೆ ನನಗೆ ಬಾ ಎಂದವನು ಅವನೊಬ್ಬನೇ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತೆ.

ಶನಿವಾರ ಸಂಜೆ ಮೈಸೂರಿಗೆ ಹೋದೆ. ಹೋಟೆಲಿನ ಗೇಟಿನಲ್ಲಿ ಆಟೋ ಒಳಗೆ ಬಿಡುವುದಿಲ್ಲ ಅಂದರು. ಸರಿ, ಕಾಲು ನಮ್ಮದೇ ಎಂದು ನಡೆದೆ. ಬಾಗಿಲಲ್ಲಿ ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಹಾರ, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹಣೆಗೆ ಕುಂಕುಮ ಇಡಲು ಬಂದವಳನ್ನು ಕೈಯಲ್ಲೇ ತಡೆದೆ. “ಈಗ ಬೇಡ. ನಾಳೆ ಸ್ನಾನ ಆದ ಮೇಲೆ ಇಡು” ಅಂದೆ. ಅವಳು ಕಣ್ಣು ಕಣ್ಣು ಬಿಟ್ಟಳು. ಕೌಂಟರಿನ ಹಿಂದಿನಿಂದ ರವಿಚಂದ್ರ ಓಡಿ ಬಂದು, “ಮೇಡಂ ಹೇಳಿದ ಹಾಗೆ ಮಾಡಿ” ಅಂದ. ಇಪ್ಪತ್ತೈದು ದಾಟದ ಹುಡುಗ, ಕೋಟು ಅವನಿಗೆ ಸ್ವಲ್ಪ ದೊಡ್ಡದಾಗಿತ್ತು. “ಜೊತೆಗೆ ಯಾರಾದರೂ ಬರ್ತಾರಾ ಮೇಡಂ?” ಅಂದ. ಇಲ್ಲ ಅಂದೆ.

ರೂಮಿನಲ್ಲಿ ಎಲ್ಲವೂ ಎರಡೆರಡು. ಎರಡು ಬಿಳಿ ನಿಲುವಂಗಿ, ಎರಡು ಜೊತೆ ಚಪ್ಪಲಿ, ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಎರಡು ಹಂಸ. ಒಂದು ಹಂಸವನ್ನು ಬಿಚ್ಚಿ ಮಡಿಸಿ ಕಪಾಟಿನಲ್ಲಿಟ್ಟೆ. ಆಮೇಲೆ ಅಭ್ಯಾಸದಂತೆ ಹುಳುಕು ಹುಡುಕಿದೆ. ದೀಪದ ಗುಂಡಿ ಯಾವುದು ಯಾವುದಕ್ಕೆ ಎಂದು ಗೊತ್ತಾಗುವುದಿಲ್ಲ. ಬಚ್ಚಲಿಗೆ ಗಾಜಿನ ಗೋಡೆ. ದಿಂಬು ಬದನೆಕಾಯಿಯಂತೆ ಉಬ್ಬಿದೆ, ಕುತ್ತಿಗೆ ನೋವು ಬರುವುದು ಖಂಡಿತ. ಕಿಟಕಿ ಪಕ್ಕದಲ್ಲಿ ಬಾತ್ ಟಬ್ಬೂ ಇತ್ತು. ಪಂಕಜಾ, ನಿನ್ನ ಟಬ್ಬು ಇಲ್ಲಿದೆ ಕಣೇ, ಬಂದು ನೋಡು ಎಂದು ಹೇಳಬೇಕೆನಿಸಿತು. ಅಷ್ಟು ಒಳ್ಳೆಯ ರೂಮಿನಲ್ಲಿ ನನ್ನಷ್ಟು ಒಂಟಿಯಾಗಿ ಯಾರೂ ಮಲಗಿರಲಾರರು.

ಬೆಳಗ್ಗೆ ಸ್ಪಾಕ್ಕೆ ಹೋದೆ. ಮಂದ ಬೆಳಕು, ನಿಂಬೆಹುಲ್ಲಿನ ವಾಸನೆ, ಎಲ್ಲಿಂದಲೋ ಕೊಳಲು. ಎಣ್ಣೆ ಒತ್ತಲು ಬಂದ ಹುಡುಗಿ ಮಣಿಪುರದವಳು. ಕನ್ನಡ ಅಷ್ಟಿಷ್ಟು ಬರುತ್ತಿತ್ತು. “ಎಲ್ಲಿ ನೋವು ಮೇಡಂ?” ಅಂದಳು. “ನೋವು ಇಲ್ಲ. ತಲೆಗೆ ಹಚ್ಚು” ಅಂದೆ. ಎಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಗೆ ಹುಯ್ದು, ಎರಡು ಕೈಯನ್ನೂ ಇಟ್ಟಳು. ಕೈ ಇಟ್ಟ ಕೂಡಲೇ ನಾನು ಹಾಸಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪಂಕಜ ಹೋದ ದಿನದಿಂದ ಅದುವರೆಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ಆಗಷ್ಟೇ ಗೊತ್ತಾಯಿತು.

ಹುಡುಗಿ ಕೈ ನಿಲ್ಲಿಸಿದಳು. “ಮೇಡಂ, ಜೋರಾಯ್ತಾ?”

“ಇಲ್ಲ. ನನ್ನ ಜೊತೆ ಒಬ್ಬಳಿದ್ದಳು. ತೀರಿಹೋದಳು. ಅದಕ್ಕೆ ಬಂದಿದ್ದೇನೆ.”

ಈಗ ಕೇಳುತ್ತಾಳೆ ಎಂದು ಕಾದೆ. ಏನಾಗಬೇಕು ಎಂಬ ಆ ಮಾತಿಗೆ ಹಲ್ಲು ಕಚ್ಚಿ ಮಲಗಿದೆ. ಹುಡುಗಿ ನಿಧಾನವಾಗಿ ಮತ್ತೆ ನೆತ್ತಿ ನೀವತೊಡಗಿದಳು. “ಹೆಸರು ಏನು ಅವರದು?” ಅಂದಳು.

ಇಷ್ಟು ಜನರಲ್ಲಿ ಹೆಸರು ಕೇಳಿದವಳು ಇವಳೊಬ್ಬಳು. “ಪಂಕಜ” ಅಂದೆ. ಅವಳೂ “ಪಂಕಜ” ಅಂದಳು, ಅವಳ ಊರಿನ ರಾಗದಲ್ಲಿ.

ಸ್ನಾನದ ಮನೆಗೆ ಹೋದರೆ ಚೊಂಬೇ ಇಲ್ಲ. ಗೋಡೆ ತುಂಬ ಶವರುಗಳು, ನಲ್ಲಿಗಳು, ಆದರೆ ನೀರು ಮೊಗೆಯಲು ಒಂದು ಪಾತ್ರೆ ಇಲ್ಲ. ರವಿಚಂದ್ರ ವಿಚಾರಿಸಿದ್ದು ಶವರು ಬಿಡುವುದನ್ನು ಇರಬೇಕು. “ಕೈಯಿಂದ ಹುಯ್ಯಬೇಕಮ್ಮ, ಇದು ಆಗಲ್ಲ” ಅಂದೆ. ಹುಡುಗಿ ಯೋಚಿಸಿ, ಹೊರಗೆ ಓಡಿ, ಐಸು ಹಾಕಿಡುವ ಸ್ಟೀಲಿನ ಬಕೆಟ್ಟು ತಂದಳು. ಅದರಲ್ಲಿ ಬಿಸಿನೀರು ಹಿಡಿದು ಹಿಡಿದು ನನ್ನ ತಲೆಗೆ ಹುಯ್ದಳು. ಅವಳ ಸಮವಸ್ತ್ರವೆಲ್ಲ ತೋಯ್ದುಹೋಯಿತು. ಕೊನೆಯ ಬಕೆಟ್ಟಿಗೆ, “ಈಗ ಸಾಕು, ಏಳು ಅನ್ನು” ಎಂದು ಹೇಳಿಕೊಟ್ಟೆ. ಅವಳು ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ನೆಟ್ಟಗೆ ನಿಂತು, “ಸಾಕು. ಏಳು” ಅಂದಳು.

ನಾನು ಏಳಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಮದ್ದೂರಿನಲ್ಲಿ ಅಳಬೇಕಾದದ್ದು, ಆಸ್ಪತ್ರೆಯಲ್ಲಿ ಅಳಬೇಕಾದದ್ದು, ಎಲ್ಲ ಸೇರಿಸಿ ಅತ್ತೆ. ಹುಡುಗಿ ಬಕೆಟ್ಟು ಹಿಡಿದುಕೊಂಡೇ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ ಮೆಲ್ಲಗೆ, “ಸಾಕು. ಏಳು” ಅಂದಳು. ಆಗ ಎದ್ದೆ.

ಮಧ್ಯಾಹ್ನ ಕುಂಕುಮ ಇಡಿಸಿಕೊಂಡು ಊಟಕ್ಕೆ ಕೂತೆ. ಬಂಡೂರು ಕುರಿಯ ಮಾಂಸ ಎಂದು ಹೇಳಿ ಬಡಿಸಿದರು. ಚಿಕ್ಕಮ್ಮನ ಕೈಸಾರು ಉಂಡ ನಾಲಿಗೆಗೆ ಅದು ಯಾವ ಊರಿನ ಕುರಿ ಎಂದು ತಿಳಿಯದೇ ಹೋಗುತ್ತದೆಯೇ? ಆದರೂ ಬಿಡದೆ ಉಂಡೆ. ಎದುರಿಗೆ ಇದ್ದ ಕಿಟಕಿ ಭದ್ರವಾಗಿ ಮುಚ್ಚಿತ್ತು. ಬಡಿಸುವವನನ್ನು ಕರೆದು ಅದನ್ನು ತೆಗೆಯಲು ಹೇಳಿದೆ. ಎಸಿ ಹಾಕಿದೆ ಮೇಡಂ ಅಂದ. “ಇರಲಿ, ತೆಗಿ” ಅಂದೆ.

ಹೊರಡುವ ಹೊತ್ತಿಗೆ ರವಿಚಂದ್ರ ಬಾಗಿಲ ತನಕ ನನ್ನ ಚೀಲ ತಂದ. ಅವನ ಹಿಂದೆ ಇನ್ನಿಬ್ಬರು ನಿಂತರು. ಮೂವರೂ ಕೈ ಜೋಡಿಸಿ, ತರಬೇತಿ ಕೊಟ್ಟ ಹಾಗೆ ಒಟ್ಟಿಗೆ, “ಮತ್ತೆ ಬನ್ನಿ ಮೇಡಂ” ಅಂದರು.

ನನಗೆ ರೇಗಿತು. “ಹಾಗೆ ಅನ್ನಬಾರದಪ್ಪ. ಇಂಥದ್ದಕ್ಕೆ ಬಂದವರಿಗೆ ಹಾಗೆ ಅನ್ನಲೇಬಾರದು.”

ಅವನ ಮುಖ ಇಳಿಯಿತು. “ಏನಾದರೂ ತಪ್ಪಾಯ್ತಾ ಮೇಡಂ?”

ಇನ್ನೊಂದು ಸಾವು ತಗೊಂಡು ಬಾ ಅಂದ ಹಾಗೆ ಕಣೋ ಎಂದು ಬಿಡಿಸಿ ಹೇಳಬೇಕು ಎಂದು ಬಾಯಿ ತೆರೆದೆ. ತೆರೆದವಳು ಅಲ್ಲೇ ನಿಂತೆ. ಯಾರ ಸಾವು? ನಾಳೆ ಅಣ್ಣ ಹೋದರೆ ಬೇಸರ ಕಳೆಯಲು ನನ್ನನ್ನು ಕರೆಯುವ ಮನೆಗಳು ಪೂರಿಗಾಲಿಯಿಂದ ಬಂಡೂರಿನವರೆಗೂ ಇವೆ, ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಅತ್ತಿಗೆ ಹೋದರೂ ಅಷ್ಟೇ. ಕರೆಯುವವರಿಲ್ಲದ ಸಾವು ನನ್ನ ಪಾಲಿಗೆ ಇದ್ದದ್ದು ಒಂದೇ. ಅದು ಆಗಿಹೋಗಿತ್ತು.

“ಏನೂ ತಪ್ಪಿಲ್ಲಪ್ಪ” ಅಂದೆ. “ನೀನು ಕರೆದೆ, ಬಂದೆ. ಇನ್ನು ನಾನು ಇಲ್ಲಿಗೆ ಬರುವ ಹಾಗೇ ಇಲ್ಲ. ನನಗೆ ಇದ್ದವಳು ಅವಳೊಬ್ಬಳೇ.”

ಅವನಿಗೆ ಏನು ಅರ್ಥವಾಯಿತೋ. ನನ್ನ ಚೀಲವನ್ನು ಕೈಗೆ ಕೊಟ್ಟ. ಆಮೇಲೆ ತಲೆ ತಗ್ಗಿಸಿಕೊಂಡು ಬೆನ್ನು ತಿರುಗಿಸಿ ಸುಮ್ಮನೆ ಒಳಗೆ ಹೋದ. ಬಂಡೂರಿನಲ್ಲಿ ಚಿಕ್ಕಮ್ಮನೂ ಹಾಗೆಯೇ ಹೋಗಿದ್ದಳು. ನಾನು ಗೇಟಿನ ಕಡೆ ನಡೆದೆ.